ಕುರುಬನ ಕಂಬಳಿ ಹೊದ್ದು ಚಿಗರಿ ಹೊಡೆದದ್ದು

ಗುಂಜೋಟಿಯ ಆಚೆ, ನಮ್ಮ ಹೊಲದಲ್ಲಿ ಚಿಗರಿ ಹೊಡೆದವನು ನಾನು. ಅದಕ್ಕಾಗಿ ಜೇಲಿಗೆ ಹೋದವನು ಒಬ್ಬ ಕುರುಬ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ ನಡುವೆ ಎಲ್ಲಾದರೂ ಕೈ ನಿಂತುಬಿಡುತ್ತದೆ. ನನ್ನ ಕೈಯನ್ನು ನಾನು ಬಲ್ಲೆ. ಆ ಕುರುಬ ಇನ್ನೂ ಇದ್ದಾನೆ. ಸುತ್ತಲಿನ ಹಳ್ಳಿಗಳಲ್ಲಿ ಅವನಿಗೆ ಇಂದಿಗೂ ಚಿಗರಿ ಕಳ್ಳ ಎಂಬ ಹೆಸರಿದೆ. ಆ ಹೆಸರು ಅವನ ತಲೆಯಿಂದ ಇಳಿದು ನನ್ನ ತಲೆಯ ಮೇಲೆ ಬರಬೇಕು.

ಉಮರ್ಗಾದ ಪೇಟೆಯಲ್ಲಿ ನಮ್ಮದು ಕಾಳುಕಡಿ, ಬೆಲ್ಲ, ಮೆಣಸಿನಕಾಯಿಯ ಅಂಗಡಿ. ಅಜ್ಜನ ಕಾಲಕ್ಕೆ ಬೀದರ ಕಡೆಯಿಂದ ಬಂದವರು ನಾವು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಒಳಗೆ ಕನ್ನಡ, ಗಿರಾಕಿಯ ಮುಂದೆ ಮರಾಠಿ. ನಾನು ಬಸವಕಲ್ಯಾಣದಲ್ಲಿ ಸೋದರಮಾವನ ಮನೆಯಲ್ಲಿದ್ದು ಮೆಟ್ರಿಕ್ ತನಕ ಕನ್ನಡ ಸಾಲೆ ಕಲಿತೆ. ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನು ಸಹ ಯಾರೂ ಬಾಯಿಗೆ ತರುತ್ತಿರಲಿಲ್ಲ. ಅಂಥ ಮನೆಯವನು ಬಂದೂಕು ಯಾಕೆ ಹಿಡಿದ ಎಂದರೆ, ಬೆಳೆ ಉಳಿಸಲಿಕ್ಕೆ ಎಂದು ಹೇಳಬಹುದು. ಚಿಗರಿಗಳು ಕಡಲೆ ಮೇಯುತ್ತಿದ್ದದ್ದು ನಿಜ. ಆದರೆ ಅವು ಎಲ್ಲರ ಹೊಲದಲ್ಲೂ ಮೇಯುತ್ತಿದ್ದವು, ಉಳಿದವರು ಡಬ್ಬಿ ಬಾರಿಸಿ ಓಡಿಸುತ್ತಿದ್ದರು. ಮಾಂಸಕ್ಕಾಗಿಯೂ ಅಲ್ಲ; ಇಂದಿಗೂ ನಾನದನ್ನು ಬಾಯಿಗಿಟ್ಟವನಲ್ಲ. ನನಗೆ ಹತ್ತಿದ ಚಟವೇ ಬೇರೆ. ಮನುಷ್ಯನನ್ನು ಕಂಡರೆ ಓಡುವ ಪ್ರಾಣಿಯ ತೀರಾ ಹತ್ತಿರಕ್ಕೆ ಅದಕ್ಕೆ ಗೊತ್ತಾಗದಂತೆ ಹೋಗುವುದು. ಹೊಡೆಯುವುದು ಅದರ ಕೊನೆ, ಅಷ್ಟೇ. ಹೀಗೆ ಹೇಳಿದರೆ ಪಾಪ ಕಡಿಮೆಯಾಗುತ್ತದೆ ಎಂದು ನಾನು ತಿಳಿದಿಲ್ಲ. ಹಸಿವಿಗೆ ಕೊಂದವನಿಗಿಂತ ನಾನು ಕೀಳು ಎಂದು ಹೇಳಲಿಕ್ಕೆ ಬರೆದೆ.

ಚಟ ಹಚ್ಚಿದವನು ಉದಗೀರದ ಗೆಳೆಯ. ಗೋಣಿಚೀಲದ ವ್ಯಾಪಾರಿ, ಬಾಯಿ ತುಂಬ ನಗುವವನು. ಅವನ ಮನೆಯಲ್ಲಿ ಹಿರಿಯರ ಕಾಲದ ಒಂದು ಜೋಡುನಳಿಗೆಯ ಬಂದೂಕು ಇತ್ತು. ಮೊದಲ ಸಲ ಅವನ ಹಿಂದೆ ತೊಗರಿ ಸಾಲಿನಲ್ಲಿ ಬಗ್ಗಿಕೊಂಡು ಹೋದಾಗ ಚಿಗರಿಗಳ ಹಿಂಡು ಎಷ್ಟೋ ದೂರದಲ್ಲಿರುವಾಗಲೇ ಕತ್ತೆತ್ತಿತು. ಒಂದು ನೆಗೆಯಿತು, ಅದರ ಹಿಂದೆ ಎಲ್ಲವೂ ನೆಗೆದವು. ಗೆಳೆಯ ಎದ್ದು ನಿಂತು ಮೊಳಕಾಲಿನ ಮಣ್ಣು ಜಾಡಿಸಿದ.

"ಶೇಟ, ನೀ ಮನುಷಾ ಅಲ್ಲೋ, ಕಿರಾಣಾ ದುಕಾನ ಅದಿ. ಬೆಲ್ಲ ನಾರ್ತಿ, ಮೆಣಸಿನಕಾಯಿ ನಾರ್ತಿ, ಊದಿನಕಡ್ಡಿ ನಾರ್ತಿ. ಇನ್ನ ಜರಾ ಮುಂದ ಹೋಗಿದ್ರ ಆ ಚಿಗರಿ ನಿನಗ ಅರ್ಧ ಕಿಲೋ ಬೆಲ್ಲ ತೂಗು ಅಂತಿತ್ತು."

"ಅವಕ್ಕ ಕಣ್ಣ ಚುರುಕು ಅಂತಾರಲ್ಲ?" ಎಂದೆ.

"ಬಯಲಾಗ ಕಣ್ಣ. ನಸುಕಿನ್ಯಾಗ, ಮಂಜಿನ್ಯಾಗ, ತೊಗರ್ಯಾಗ ಮೂಗ. ನಿನ್ನ ವಾಸನಿ ಸಾಯ್ಬೇಕು ಮೊದಲು."

ಅಲ್ಲಿಂದ ನಾನು ನನ್ನ ವಾಸನೆಯ ಹಿಂದೆ ಬಿದ್ದೆ. ಯಾವುದೋ ಪೂಜೆಯ ನೇಮ ಹಿಡಿದವನಂತೆ ಹಿಡಿದೆ. ಬೇಟೆಗೆ ಹೋಗುವ ಮೊದಲು ಕೆಲವು ದಿನ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿಡುತ್ತಿದ್ದೆ. ತಲೆಗೆ ಎಣ್ಣೆ ಇಲ್ಲ, ಬಾಯಿಗೆ ಎಲೆಅಡಿಕೆ ಇಲ್ಲ. ಸಾಬೂನು ಬಿಟ್ಟು ಅಂಟುವಾಳದ ನೊರೆಯಲ್ಲಿ ಮೈ ತೊಳೆಯುತ್ತಿದ್ದೆ. ಬೇಟೆಗೆಂದೇ ಒಂದು ಮಣ್ಣುಬಣ್ಣದ ಅಂಗಿ, ಒಂದು ಪಾಯಿಜಾಮ ಇಟ್ಟಿದ್ದೆ; ಅವನ್ನು ಅಂಗಡಿಗೆ ತರುತ್ತಿರಲಿಲ್ಲ, ಹೊಲದ ಕೊಟ್ಟಿಗೆಯಲ್ಲಿ ಕಡಲೆ ಹೊಟ್ಟಿನ ಚೀಲದಲ್ಲಿ ಹೂತಿಡುತ್ತಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳು ಹೂವಿಗೆ ಬಂದ ಕಡಲೆಯ ಮೇಲೆ ಸಂಜೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿಯ ಜೊತೆ ಇಳಿದ ಹುಳಿಯನ್ನು ಹಿಂಡಿಕೊಳ್ಳುತ್ತಾರೆ, ಹೊಟ್ಟೆನೋವಿನ ಔಷಧಕ್ಕೆ. ನಾನು ಆ ಅಂಗಿಯನ್ನೇ ಕಡಲೆಯ ಮೇಲೆ ಹಾಸಿ ಬರುತ್ತಿದ್ದೆ. ನಸುಕಿನಲ್ಲಿ ಅದನ್ನು ಒದ್ದೆಯಾಗಿಯೇ ತೊಟ್ಟರೆ ಚಳಿಗೆ ಎಲುಬು ಕಡಿಯುತ್ತಿತ್ತು, ಹುಳಿಗೆ ಚರ್ಮ ಉರಿಯುತ್ತಿತ್ತು. ಆದರೆ ಹೊಲದ ನಡುವೆ ನಿಂತರೆ ನಾನೂ ಹೊಲವೇ ಆಗಿರುತ್ತಿದ್ದೆ.

ಗಾಳಿಯ ಮಾತು ಬೇರೆ. ಗಾಳಿ ನಮ್ಮ ಬೆನ್ನಿನಿಂದ ಬೀಸಿದರೆ ಎಲ್ಲ ನೇಮವೂ ನೀರುಪಾಲು. ಗೆಳೆಯ ಮೊದಲು ಚಿಟಿಕೆ ಮಣ್ಣು ಬಿಟ್ಟು ನೋಡುತ್ತಿದ್ದ. ನಮ್ಮ ಕರಿ ಮಣ್ಣು ಇಬ್ಬನಿಗೆ ಅಂಟು ಹಿಡಿದು ನೆಟ್ಟಗೆ ಕೆಳಗೆ ಬೀಳುತ್ತಿತ್ತು. "ಬೂದಿ ತೊಗೊಂಡ ಬಾ, ನುಣ್ಣನ ಬೂದಿ" ಎಂದ. ಒಲೆಯ ಬೂದಿ ಜರಡಿ ಹಿಡಿಯಲು ಕೂತರೆ ಮನೆಯಲ್ಲಿ ಯಾಕೆ ಎಂದು ಕೇಳುತ್ತಾರೆ. ದೇವರ ಮನೆಯ ವಿಭೂತಿಯನ್ನು ಜೇಬಿಗೆ ಹಾಕಿಕೊಂಡರೆ ಯಾರೂ ಕೇಳುವುದಿಲ್ಲ. ಅದನ್ನೇ ಒಯ್ದೆ. ಬೆರಳಲ್ಲಿ ತಿಕ್ಕಿ ಬಿಟ್ಟರೆ ಅದು ಹೊಗೆಯಂತೆ ತೇಲಿ ಗಾಳಿಯ ದಿಕ್ಕು ತೋರಿಸುತ್ತಿತ್ತು. ಹಣೆಗೆ ಹಚ್ಚುವುದನ್ನು ಆ ದಿನಗಳಲ್ಲಿ ಬಿಟ್ಟಿದ್ದೆ, ಅದರಲ್ಲಿ ಕರ್ಪೂರದ ವಾಸನೆ ಇರುತ್ತದೆ ಎಂದು. ಹಣೆಗಿಲ್ಲದ ವಿಭೂತಿ ಬೇಟೆಗೆ ಬಂತು. ಆಗ ನನಗೆ ಏನೂ ಅನಿಸಲಿಲ್ಲ. ಯುಕ್ತಿ ಚೆನ್ನಾಗಿದೆ ಅನಿಸಿತು.

ಹೆಂಡತಿಗೆ ಮೊದಲು ಅನುಮಾನ ಬಂದದ್ದು ಬೇರೆ ಥರದ್ದು.

"ಏನ್ರೀ, ನಿಮ್ಮ ಮೈಗಿ ಏನಾಗ್ಯದ?" ಎಂದಳು ಒಂದು ದಿನ, ಅಂಗಿ ಒಗೆಯಲು ತೆಗೆದುಕೊಳ್ಳುತ್ತ. "ಲಗ್ನ ಆಗಿ ಬಂದಾಗಿಂದ ನೀವು ಬಾಗಿಲದಾಗ ಬಂದ್ರ ಮೆಣಸಿನಕಾಯಿ ಘಾಟ ಮೊದಲು ಬರ್ತಿತ್ತು, ಹಿಂದಿಂದ ನೀವು ಬರ್ತಿದ್ರಿ. ಈಗ ಹಿಂದ ಬಂದ ನಿಂತ್ರೂ ಗೊತ್ತಾಗಂಗಿಲ್ಲ."

"ಚಲೋ ಆತಲ್ಲ, ಶೀನು ತಪ್ಪಿತು."

"ಚಲೋ ಇಲ್ಲ. ಗಂಡಸು ಎರಡಕ್ಕ ಮೈ ತಿಕ್ಕಿ ತೊಳ್ಕೋತಾನ. ಒಂದು ಸತ್ತವರ ಮನಿಗಿ ಹೋಗಿ ಬಂದಾಗ. ಇನ್ನೊಂದು ನಾ ಬಾಯಿ ಬಿಟ್ಟ ಹೇಳಂಗಿಲ್ಲ."

ನಾನು ನಕ್ಕುಬಿಟ್ಟೆ. ಅವಳು ಹಾಗೆಯೇ ತಿಳಿಯಲಿ ಎಂದು ಬಿಟ್ಟೆ. ಬೇಟೆಗಿಂತ ಆ ಅನುಮಾನವೇ ನಮ್ಮ ಮನೆಗೆ ಮರ್ಯಾದೆಯದು ಎಂದು ನನಗೆ ಆಗ ತೋರಿತ್ತು.

ಇಷ್ಟೆಲ್ಲ ಮಾಡಿದರೂ ನಮಗೆ ಸಿಕ್ಕದ್ದು ಕಡಿಮೆ. ಮನುಷ್ಯ ಎಷ್ಟು ತೊಳೆದುಕೊಂಡರೂ ಬೆವರು ಹೊಸದಾಗಿ ಹುಟ್ಟುತ್ತದೆ. ಹತ್ತಿರಕ್ಕೆ ಹೋದಂತೆ ಎದೆ ಬಡಿಯುತ್ತದೆ, ಬೆವರು ಹೆಚ್ಚುತ್ತದೆ. ಕಡೆಯ ಹತ್ತಿಪ್ಪತ್ತು ಮಾರಿನಲ್ಲಿ ಚಿಗರಿ ಕತ್ತೆತ್ತಿಬಿಡುತ್ತಿತ್ತು.

ಆ ಕುರುಬ ನಮ್ಮ ಹೊಲಕ್ಕೆ ಪ್ರತಿ ವರ್ಷ ಬರುವವನು. ಗಡಿಯ ಆಚೆ ಭಾಲ್ಕಿ ಕಡೆಯವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನು. ಸೋಯಾಬೀನ್ ರಾಶಿ ಮುಗಿದು ಹೊಲ ಖಾಲಿಯಾಗುತ್ತಲೇ ಹೆಂಡತಿ, ಕತ್ತೆ, ನಾಯಿ ಮತ್ತು ಕುರಿ ಹಿಂಡಿನ ಜೊತೆ ಬರುತ್ತಿದ್ದ. ಔರಾದ ಶಹಾಜನಿಯಿಂದ ಶುರುಮಾಡಿ ನಿಲಂಗಾ ದಾಟಿ ಗುಂಜೋಟಿಯ ತನಕ ಹೊಲಹೊಲದಲ್ಲಿ ಕುರಿ ತರುಬುತ್ತಿದ್ದ. ತರುಬುವುದೆಂದರೆ, ಹಿಂಡನ್ನು ಹೊಲದಲ್ಲಿ ಬಲೆ ಕಟ್ಟಿ ಮಲಗಿಸುವುದು. ಹೊಲಕ್ಕೆ ಗೊಬ್ಬರ ಬೀಳುತ್ತದೆ, ರೈತ ಅವನಿಗೆ ಜೋಳ ಕೊಡುತ್ತಾನೆ. ಅವನ ಬದುಕು ಎಂದರೆ ಅದೇ: ಊರಿನವರು ಅವನನ್ನು ನಂಬಿ ಹೊಲಕ್ಕೆ ಬಿಟ್ಟುಕೊಳ್ಳುವುದು.

ಒಂದು ಬೆಳಿಗ್ಗೆ ಹೊಲಕ್ಕೆ ಹೋದಾಗ ಬದುವಿನ ಮೇಲೆ ನಿಂತು ನೋಡಿದೆ. ಅವನು ಕೋಲೂರಿ ನಿಂತಿದ್ದ. ಕುರಿಗಳು ಸುತ್ತ ಮೇಯುತ್ತಿದ್ದವು. ಕುರಿಗಳ ಅಂಚಿಗೆ, ಕುರಿಗಳ ಜೊತೆಯೇ ಎನ್ನುವಂತೆ, ಚಿಗರಿಗಳು ಮೇಯುತ್ತಿದ್ದವು. ಒಂದು ಕರಿ ಗಂಡು ಅವನಿಂದ ಕಲ್ಲೆಸೆತದ ಒಳಗೆ ಇತ್ತು.

"ನಿನಗ ಅಂಜಂಗಿಲ್ಲಲ್ಲೋ ಇವು!" ಎಂದೆ.

"ಯಾಕ ಅಂಜ್ತಾವ್ರೀ ಸಾವಕಾರ್ರ? ನಾ ಏನ್ ಮನುಷಾ ಇದ್ದೀನಿ?" ಎಂದು ನಕ್ಕ. "ನಮ್ಮಾಕಿ ಅಂತಾಳ, ನಿನ್ನ ಬಾಜೂಕ ಮಲಗೋದಂದ್ರ ಟಗರಿನ ಬಾಜೂಕ ಮಲಗಿದಂಗ ಅಂತ. ಈ ಕಂಬಳಿ ಎಂದರ ಒಗದೀನಂದ್ರಿ? ಇದರಾಗ ನಮ್ಮಪ್ಪನ ಬೆವರ ಸುದ್ದಾ ಅದ."

ನನಗೆ ಆ ಕ್ಷಣಕ್ಕೇ ಹೊಳೆಯಿತು. ಬೆವರು ಮುಚ್ಚಲು ಇಷ್ಟು ವರ್ಷ ಏನೇನೋ ಮಾಡಿದೆ. ಚಿಗರಿಗಳು ಹೆದರದ ಬೆವರೊಂದು ಇಲ್ಲೇ ಕೋಲೂರಿ ನಿಂತಿದೆ.

ಎಳ್ಳಮಾವಾಸ್ಯೆಗೆ ಎಲ್ಲರಂತೆ ನಾವೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದೆವು. ಹೆಂಡತಿ ಕುರುಬ ಗಂಡಹೆಂಡಿರಿಗೂ ಭಜ್ಜಿ, ಅಂಬಲಿ ಬಡಿಸಿದಳು. ಉಂಡು ಕೈತೊಳೆಯುವಾಗ ನಾನು ಅವನನ್ನು ಕೇಳಿದೆ: "ಒಂದೆರಡ ದಿನ ನಿನ್ನ ಕಂಬಳಿ ಕೊಡು. ನಸಕಿನ್ಯಾಗ ಬೆಳಿ ಕಾಯ್ಲಾಕ ಬರ್ಬೇಕಾಗ್ಯದ, ಥಂಡಿ ಭಾಳ ಅದ."

ಸಾವಕಾರನ ಮನೆಯಲ್ಲಿ ರಜಾಯಿ ಇರಲಿಲ್ಲವೇ ಎಂದು ಅವನು ಕೇಳಲಿಲ್ಲ. ಹೆಗಲಿನಿಂದ ತೆಗೆದು ಎರಡೂ ಕೈಯಲ್ಲಿ ಕೊಟ್ಟ. "ಒಗೀಬ್ಯಾಡ್ರಿ ಮಾತ್ರ. ಒಗದ್ರ ಕುರಿ ನನ್ನ ಗುರ್ತ ಹಿಡ್ಯಂಗಿಲ್ಲ" ಎಂದ. ಆಮೇಲೆ ತಾನೊಂದು ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡ.

ಮರುದಿನವೋ ಅದರ ಮರುದಿನವೋ ಗೆಳೆಯ ಉದಗೀರದಿಂದ ಮೋಟಾರ್‌ಸೈಕಲ್ಲಿನಲ್ಲಿ ಬಂದ. ಬೆಳಕು ಹರಿಯುವ ಹೊತ್ತು. ನೆಲದ ಮೇಲೆ ಮೊಳಕಾಲೆತ್ತರ ಮಂಜು. ಕುರುಬನ ಹಿಂಡು ಎರಡು ಹೊಲ ಆಚೆ ಬಲೆಯೊಳಗಿತ್ತು. ಅವನು ತೊಗರಿಯಲ್ಲಿ ಉಳಿದ. ನಾನು ಕಂಬಳಿಯನ್ನು ಕುರುಬನ ಹಾಗೆ ತಲೆಯಿಂದ ಇಳಿಬಿಟ್ಟು, ಅದರೊಳಗೆ ಬಂದೂಕು ಮರೆಮಾಡಿ, ಬಗ್ಗದೆ, ಅಡಗದೆ, ನಡುಹೊಲದಲ್ಲಿ ನಿಧಾನಕ್ಕೆ ನಡೆದೆ. ಗಾಳಿ ನನ್ನ ಬೆನ್ನಿನಿಂದಲೇ ಬೀಸುತ್ತಿತ್ತು. ಕಂಬಳಿಯ ವಾಸನೆ ಅವಕ್ಕೆ ಮುಟ್ಟಲಿ ಎಂದೇ ಹಾಗೆ ಹೋದೆ.

ಕರಿ ಗಂಡು ಕತ್ತೆತ್ತಿತು. ಮೂಗು ಎತ್ತಿ ಗಾಳಿ ಹೀರಿತು. ನನ್ನ ಕಡೆ ಪೂರ್ತಿ ತಿರುಗಿ ನೋಡಿತು. ನಾನು ನಿಂತೆ. ಅದು ಕಿವಿ ಅಲುಗಿಸಿ, ತಲೆ ತಗ್ಗಿಸಿ, ಮತ್ತೆ ಮೇಯತೊಡಗಿತು. ಆ ತಲೆ ತಗ್ಗಿಸಿದ್ದನ್ನು ನಾನು ಮರೆತಿಲ್ಲ. ಅದು ಕುರುಬನನ್ನು ಗುರುತು ಹಿಡಿದು ನಂಬಿ ತಲೆ ತಗ್ಗಿಸಿದ್ದು. ಇನ್ನಷ್ಟು ನಡೆದೆ. ಅದರ ಕಣ್ಣಿನ ಸುತ್ತಲಿನ ಬಿಳಿ ಕಾಣಿಸಿತು, ಹಲ್ಲು ಕಡಲೆಗಿಡ ಕಡಿಯುವ ಸಪ್ಪಳ ಕೇಳಿಸಿತು. ಅಷ್ಟು ಹತ್ತಿರದಿಂದ ಹೊಡೆಯುವವನಿಗೆ ಗುರಿ ಬೇಕಿಲ್ಲ.

ಅದು ಒಂದೇ ಏಟಿಗೆ ಸಾಯಲಿಲ್ಲ. ಮುಂಗಾಲು ಮಡಚಿ ಕೂತು, ನನ್ನ ಕಡೆಗೇ ನೋಡುತ್ತ ಒದರಿತು. ಆ ಸದ್ದಿಗೆ ದೂರದ ಹೊಲದಿಂದ ಯಾರೋ "ಕೋಣ್ ಆಹೇ ರೇ!", ಯಾರೋ ಅಲ್ಲಿ, ಎಂದು ಕೂಗಿದರು. ಇನ್ನೊಂದು ಕಡೆಯಿಂದ ಮತ್ತೊಂದು ದನಿ. ಗೆಳೆಯ ಓಡಿಬಂದ. ಇಬ್ಬರೂ ಅದನ್ನು ಕಂಬಳಿಯ ಮೇಲೆ ಹಾಕಿ ಎಳೆದೆವು. ಬದು ಹತ್ತಿಸಲು ಆಗಲಿಲ್ಲ. ಜನರ ಹೆಜ್ಜೆ ಹತ್ತಿರವಾಯಿತು. "ಬಿಡೋ ಶೇಟ, ಬಿಡು!" ಎಂದು ಅವನು ನನ್ನ ರಟ್ಟೆ ಹಿಡಿದೆಳೆದ. ಬಂದೂಕು ಒಯ್ದೆವು. ಚಿಗರಿಯನ್ನೂ ಕಂಬಳಿಯನ್ನೂ ಬದುವಿನ ಕೆಳಗೆ ಬಿಟ್ಟೆವು. ಜಾಲಿಯ ಮರೆಯಲ್ಲಿ ಹಳ್ಳ ಇಳಿದು ಹೋದದ್ದರಿಂದ ನಮ್ಮ ಮುಖ ಯಾರೂ ಕಾಣಲಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ, ಹೊಲದವರು ಹೇಳಿದ್ದು. ಮಧ್ಯಾಹ್ನಕ್ಕೆ ಅರಣ್ಯದವರು ನಾಯಿ ತಂದರು. ಅದಕ್ಕೆ ಕಂಬಳಿ ಮೂಸಿಸಿದರು. ನಾಯಿ ಹಳ್ಳದ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಕುರಿ ಹಿಂಡಿಗೆ ಹೋಗಿ, ಬಲೆ ಸುತ್ತಿಡುತ್ತಿದ್ದ ಕುರುಬನ ಮುಂದೆ ನಿಂತು ಬೊಗಳಿತು. ಅದರ ತಪ್ಪೇನಿಲ್ಲ. ಆ ಕಂಬಳಿಯಲ್ಲಿ ಅವನಪ್ಪನ ಬೆವರು ಸಹ ಇತ್ತು. ನನ್ನದು ಒಂದು ಬೆಳಗಿನದು, ಅದನ್ನೂ ತೊಳೆದು, ಹುಳಿ ಹಚ್ಚಿ ಕೊಂದಿಟ್ಟಿದ್ದೆ.

ಅಷ್ಟರಲ್ಲಿ ನಾನು ಉಮರ್ಗಾದ ಅಂಗಡಿಯಲ್ಲಿದ್ದೆ. ಬಿಸಿನೀರಲ್ಲಿ ಮಿಂದು, ತಲೆಗೆ ಎಣ್ಣೆ ಹಚ್ಚಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಮೆಣಸಿನಕಾಯಿ ಚೀಲಗಳ ನಡುವೆ ಕೂತಿದ್ದೆ. ಜೀಪು ಬಂದು ನಿಂತಿತು. ಇಬ್ಬರು ಇಳಿದರು, ಹಿಂದಿನಿಂದ ಕುರುಬನನ್ನು ಇಳಿಸಿದರು. ನಾಯಿಯನ್ನೂ ತಂದಿದ್ದರು. ಅದು ಹೊಸ್ತಿಲ ತನಕ ಬಂದು, ಮೆಣಸಿನ ಘಾಟಿಗೆ ಶೀನಿ ಶೀನಿ ಹಿಂದಕ್ಕೆ ಸರಿಯಿತು. ಕಟ್ಟೆಯ ಮೇಲಿದ್ದ ಗಿರಾಕಿಗಳು ನಕ್ಕರು.

ಅಧಿಕಾರಿ ಮರಾಠಿಯಲ್ಲಿ, ಸಂಕೋಚದಿಂದಲೇ ಕೇಳಿದ: "ಶೇಟಜೀ, ಹೀ ಘೋಂಗಡಿ ತುಮ್ಹೀ ನೇಲೀ ಹೋತೀ ಕಾ?" ಈ ಕಂಬಳಿಯನ್ನು ನೀವು ಒಯ್ದಿದ್ದಿರಾ?

ನಾನು ಕಂಬಳಿ ನೋಡಿದೆ. ರಕ್ತ ಒಣಗಿ ಕರಿ ಉಣ್ಣೆ ಇನ್ನಷ್ಟು ಕರಿದಾಗಿತ್ತು. "ಇಲ್ಲ" ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಲಿಂಗ ತೋರಿಸಿ, "ಇದನ್ನು ಕಟ್ಟಿಕೊಂಡವರು ನಾವು. ನಮ್ಮ ಮನೆಯಲ್ಲಿ ಇಂಥ ಮಾತು ಆಡುವುದೂ ಇಲ್ಲ" ಎಂದು ಮರಾಠಿಯಲ್ಲಿ ಹೇಳಿದೆ. ಸುಳ್ಳು ಹೇಳಿದ್ದು ಒಂದು. ಲಿಂಗ ತೋರಿಸಿ ಹೇಳಿದ್ದು ಇನ್ನೊಂದು. ಎರಡನೆಯದಕ್ಕೆ ನನಗೆ ಇನ್ನೂ ಶಬ್ದ ಸಿಕ್ಕಿಲ್ಲ.

ಅಧಿಕಾರಿ ಕೈಮುಗಿದ. ಕಟ್ಟೆಯ ಮೇಲಿದ್ದವರು ಕುರುಬನನ್ನು ಬೈಯತೊಡಗಿದರು, ಉಂಡ ಮನೆಗೆ ಎರಡು ಬಗೆಯುತ್ತೀಯಾ ಎಂದು. ಕುರುಬನಿಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ. ನಾನು ಮರೆತಿದ್ದೇನೆ ಎಂದೇ ಅವನು ತಿಳಿದ.

"ಸಾವಕಾರ್ರ, ಜರಾ ನೆನಪ ಮಾಡ್ಕೋರಿ" ಎಂದ. "ಎಳ್ಳಮಾಸಿ ದಿನ. ನಾವು ಉಂಡು ಕೈ ತೊಳ್ಯಾಗ. ಥಂಡಿ ಭಾಳ ಅದ ಅಂದ್ರಿ ನೋಡ್ರಿ. ಒಗೀಬ್ಯಾಡ್ರಿ ಅಂತ ನಾ ಅಂದೆ. ನೆನಪ ಮಾಡ್ಕೋರಿ."

ನಾನು ತಕ್ಕಡಿಯ ಕಡೆ ತಿರುಗಿ ಗಿರಾಕಿಗೆ ಬೆಲ್ಲ ತೂಗಿದೆ. ಜೀಪಿಗೆ ಹತ್ತಿಸುವಾಗಲೂ ಅವನು ಅದನ್ನೇ ಹೇಳುತ್ತಿದ್ದ.

ಸಂಜೆ ಮನೆಗೆ ಹೋದರೆ ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ನಾನು ಬೆಳಿಗ್ಗೆ ಬಿಚ್ಚಿ ಎಸೆದ ಅಂಗಿ ಅವಳ ಕೈಯಲ್ಲಿತ್ತು. ಹೊಟ್ಟಿನ ಚೀಲಕ್ಕೆ ಮುಟ್ಟಿಸಲು ಅಂದು ಸಮಯ ಸಿಕ್ಕಿರಲಿಲ್ಲ.

"ಕುರಿ ವಾಸನಿ ಬರ್ಲತ್ತದ" ಎಂದಳು.

ನಾನು ಕಾಲು ತೊಳೆಯಲು ತಂಬಿಗೆ ಎತ್ತಿಕೊಂಡೆ.

"ಹೆಂಗಸಿನ ವಾಸನಿ ಬರ್ತದೇನೋ ಅಂತ ಇಷ್ಟ ದಿನ ಮೂಸಿದೆ. ಬಂದಿದ್ರ ಚಲೋ ಇತ್ತು." ಅಂಗಿಯನ್ನು ನೆಲಕ್ಕೆ ಹಾಕಿದಳು. "ಕಂಬಳಿ ಕೇಳಿದ್ದು ನನ್ನ ಮುಂದ. ನಾ ಅಲ್ಲೇ ಭಾಂಡಿ ತಿಕ್ಲತ್ತಿದ್ದೆ. ಹೋಗ್ರಿ. ಈಗೇ ಹೋಗಿ ಹೇಳ್ರಿ."

"ಹೇಳಿದ್ರ ಮನಿ ಉಳೀತದೇನ? ಅಂಗಡಿ ಉಳೀತದೇನ? ಮಗಳ ಲಗ್ನ ಆಗ್ತದೇನ?"

"ಅವಂಗೂ ಮನಿ ಅದ."

"ಅವನದು ನಡೀತದ. ಅಡವ್ಯಾಗ ಇರಾಂವ."

ಈ ಮಾತು ನಾನು ಆಡಿದೆ. ಅವಳು ನನ್ನನ್ನು ನೋಡಿದಳು, ಯಾವುದೋ ಊರಿನ ಯಾವನೋ ಎಂಬಂತೆ. ಮರುದಿನದಿಂದ ನನ್ನ ಪೂಜೆಯ ತಂಬಿಗೆಗೆ ಅವಳು ನೀರು ತುಂಬಲಿಲ್ಲ. ಅವಳೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ, ಮಗಳ ಸಲುವಾಗಿ. ಅದು ಅವಳ ಪಾಪ ಎಂದು ಅವಳು ಅನ್ನುತ್ತಾಳೆ. ನಾನು ಅದನ್ನೂ ನನ್ನ ಲೆಕ್ಕಕ್ಕೇ ಹಿಡಿಯುತ್ತೇನೆ.

ಕುರುಬ ಜೇಲಿನಲ್ಲಿದ್ದಾಗ ಅವನ ಹೆಂಡತಿ ಒಮ್ಮೆ ಅಂಗಡಿಗೆ ಬಂದಳು. ಜಗಳಕ್ಕೆ ಬಂದಳೆಂದು ನಾನು ಎದ್ದು ನಿಂತೆ. ಅವಳು ಕಟ್ಟೆಯ ಕೆಳಗೇ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

"ಅಪ್ಪಾ, ಅಂವಾ ಸುಳ್ಳ ಹೇಳಾಂವಲ್ಲ. ನೀವೂ ಸುಳ್ಳ ಹೇಳಾವ್ರಲ್ಲ. ಮತ್ತ ಕಂಬಳಿ ಹ್ಯಾಂಗ ಹೋತ್ರಿ?"

ನಿಜವಾಗಿ ಉತ್ತರ ಬೇಕೆಂದೇ ಕೇಳಿದ್ದಳು. ನಾನು ಒಳಗಿನಿಂದ ಜೋಳ ತರಿಸಿ ಅವಳ ಚೀಲಕ್ಕೆ ಸುರುವಿಸಿದೆ. ಅವಳು ಚೀಲವನ್ನು ಹಾಗೆಯೇ ಬಿಟ್ಟು ಎದ್ದುಹೋದಳು. ಅವನಿಲ್ಲದೆ ಕುರಿ ಕಾಯಲು ಅವಳೊಬ್ಬಳಿಗೆ ಆಗಲಿಲ್ಲ. ಕೆಲವು ಕುರಿ ಹೈವೇ ಮೇಲೆ ಸತ್ತವು, ಕೆಲವನ್ನು ರೋಗ ಒಯ್ಯಿತು, ಉಳಿದದ್ದನ್ನು ಬಂದ ಬೆಲೆಗೆ ಕೊಟ್ಟಳು.

ಜಾಮೀನಿನ ಮೇಲೆ ಅವನು ಹೊರಗೆ ಬಂದ. ಕೋರ್ಟಿನ ತಾರೀಖುಗಳಿಗೆ ವರ್ಷಗಟ್ಟಲೆ ಭಾಲ್ಕಿಯಿಂದ ಉಮರ್ಗಾಕ್ಕೆ ಬಂದು ಹೋದ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ ನಮ್ಮ ಅಂಗಡಿಯ ಮುಂದೆಯೇ. ತಾರೀಖಿನ ದಿನ ನಾನು ಒಳಗಿನ ಕೋಣೆಯಲ್ಲಿ ಕೂರುತ್ತಿದ್ದೆ. ಕೊನೆಗೆ ಬಂದೂಕು ಸಿಗಲಿಲ್ಲ, ಹೊಡೆದದ್ದನ್ನು ಕಂಡವರಿಲ್ಲ ಎಂದು ಕೇಸು ಬಿದ್ದುಹೋಯಿತು. ಕೋರ್ಟು ಬಿಟ್ಟಿತು, ಹಳ್ಳಿಗಳು ಬಿಡಲಿಲ್ಲ. ಅವನ ಹಿಂಡು ಬಂದರೆ ಹಿಂದೆ ಜೀಪು ಬರುತ್ತದೆ ಎಂದು ಯಾರೂ ಹೊಲಕ್ಕೆ ಕರೆಯಲಿಲ್ಲ. ಸಾಲದ್ದಕ್ಕೆ ಸಾವಕಾರನ ಹೆಸರು ಕೆಡಿಸಲು ಹೋದವನು. ಒಂದು ವರ್ಷ ಹತ್ತಾರು ಕುರಿ ಕೂಡಿಸಿಕೊಂಡು ಬಂದಿದ್ದನಂತೆ. ಔರಾದದಿಂದ ಗುಂಜೋಟಿಯ ತನಕ ಯಾವ ಹೊಲದಲ್ಲೂ ಬಲೆ ಕಟ್ಟಗೊಡಲಿಲ್ಲ. ಅವನ್ನೂ ಮಾರಿದ. ಚಿಗರಿಗಳೂ ನಮ್ಮ ಕಡೆ ಕುರಿ ಹಿಂಡು ಕಂಡರೆ ಓಡುವುದನ್ನು ಕಲಿತವು ಎಂದು ಬೇರೆ ಕುರುಬರು ಹೇಳಿದರು. ಅದು ನಿಜವೋ, ನನ್ನನ್ನು ಚುಚ್ಚಲು ಹೇಳಿದ್ದೋ, ಗೊತ್ತಿಲ್ಲ.

ಉದಗೀರದ ಗೆಳೆಯ ಹೋದ ಮಳೆಗಾಲದಲ್ಲಿ ತೀರಿಕೊಂಡ. ಮಣ್ಣು ಮಾಡಿ ಬಂದು ನಾನು ಅಂಗಳದಲ್ಲಿ ಕೂತೆ. ಹೆಂಡತಿ ನೀರು ತಂದು ಮುಂದಿಟ್ಟಳು.

"ಗೊತ್ತಿದ್ದವರಾಗ ಒಬ್ಬ ಹೋದ" ಎಂದಳು. "ಇನ್ನ ನೀವು ಹೋಗ್ತೀರಿ, ನಾ ಹೋಗ್ತೀನಿ. ಅಂವಾ ಒಬ್ಬಾಂವ ಕಳ್ಳಾಗಿ ಉಳೀತಾನ."

ಮಗಳ ಮಕ್ಕಳಿಗೆ ಮದುವೆಯ ವಯಸ್ಸಾಗಿದೆ. ಇನ್ನು ಯಾರ ಹೆಸರು ಹೇಳಿ ತಪ್ಪಿಸಿಕೊಳ್ಳಲಿ?

ಅವನು ಔರಾದ ಶಹಾಜನಿಯಲ್ಲಿ ಯಾರದೋ ಎಮ್ಮೆ ಕಾಯ್ದುಕೊಂಡಿದ್ದಾನೆ ಎಂದು ಕೇಳಿದ್ದೆ. ನಿಲಂಗಾದಲ್ಲಿ ಬಸ್ಸು ಬದಲಿಸಿ ಸಂತೆಯ ದಿನ ಹೋದೆ. ಸಂತೆಯ ಹೊರಗೆ, ಹಿಂಡಿಯ ಚೀಲದ ಮೇಲೆ ಕೂತಿದ್ದ. ತೀರಾ ಸೊರಗಿದ್ದ. ಹೆಗಲ ಮೇಲೆ ಪೇಟೆಯ ತೆಳು ಶಾಲು. ನನ್ನ ಗುರುತು ಹಿಡಿದು ಏಳಲು ಹೋದ, ಅಭ್ಯಾಸಕ್ಕೆ. ನಾನು ಅವನ ಮುಂದೆ ನೆಲದಲ್ಲಿ ಕೂತೆ. ಎಲ್ಲವನ್ನೂ ಹೇಳಿದೆ, ಕಂಬಳಿ ಯಾಕೆ ಕೇಳಿದೆ ಎಂಬುದನ್ನೂ. ನಡುವೆ ಒಂದು ಎಮ್ಮೆ ಸರಿದು ಹೋಗಲು ನೋಡಿದಾಗ ಅವನು ಎದ್ದು ಹೋಗಿ ಹಗ್ಗ ಬಿಗಿದು ಬಂದು ಕೂತ.

"ಮರ್ತಿದ್ರಿ ಅಂತ ನಾ ತಿಳಿದಿದ್ದು ಆ ಒಂದ ದಿನ" ಎಂದ. "ಜೇಲಿನ್ಯಾಗ ಕೂತಾಗ ತಿಳೀತು. ಕಂಬಳಿ ಒಯ್ದದ್ದು ಥಂಡಿಗಿ ಅಲ್ಲ, ನನ್ನ ವಾಸನಿಗಿ ಅಂತ."

"ತಪ್ಪಾತು" ಎಂದೆ.

"ನಂಗ ಯಾಕ ಹೇಳ್ತೀರಿ? ನಂಗ ಗೊತ್ತದ. ಗೊತ್ತಿಲ್ಲದವರಿಗಿ ಹೇಳ್ರಿ." ಮತ್ತೆ ಹೇಳಿದ: "ನನ್ನಾಕಿಗಿ ಹೇಳಬೇಕಾಗಿತ್ತು. ಆಕಿ ಸಾಯೋ ತನಕ ಕೇಳ್ಯಾಳ, ಕಂಬಳಿ ಹ್ಯಾಂಗ ಹೋತು ಅಂತ. ನಾ ಹೇಳಿದ್ರ ನಂಬ್ಲಿಲ್ಲ. ಅವ್ರು ಲಿಂಗ ಹಿಡದ ಹೇಳ್ಯಾರ ಅಂತಿದ್ದಳು."

ಮುಂದಿನ ವಾರ ಗುಂಜೋಟಿಗೆ ಹೋದೆ. ಚಾವಡಿಯ ಮುಂದೆ ಹಿರಿಯರಿದ್ದರು, ನನ್ನ ಹೊಲದ ನೆರೆಯವರಿದ್ದರು. ಆ ಬೆಳಿಗ್ಗೆ ಕೂಗು ಹಾಕಿ ಓಡಿಬಂದವನೂ ಇದ್ದ, ಈಗ ಮುದುಕ. ಚಿಗರಿ ಹೊಡೆದವನು ನಾನು ಎಂದೆ. ಒಬ್ಬ ನಕ್ಕ.

"ಬಿಡ್ರಿ ಸಾವಕಾರ್ರ! ನೀವು ಬಂದೂಕ? ನಿಮ್ಮ ಮನ್ಯಾಗ ಸೊಳ್ಳಿ ಹೊಡದ್ರ ಕೈ ತೊಳ್ಕೋತಾರ."

"ಖರೆ ಹೇಳ್ಲತ್ತೀನಿ. ನಾನೇ ಹೊಡದೀನಿ."

"ಆ ಕುರುಬ ಬಂದ ಅತ್ತಾನೇನು ನಿಮ್ಮ ಮುಂದ?" ಎಂದು ಇನ್ನೊಬ್ಬ ಕೇಳಿದ. ಕೂಗು ಹಾಕಿದ್ದ ಮುದುಕ ಪಕ್ಕದವನಿಗೆ ಹೇಳಿದ್ದು ನನಗೂ ಕೇಳಿಸಿತು: "ನೋಡು, ಎಂಥಾ ಮನಸ್ಸು. ತನ್ನ ಹೆಸರ ಕೆಡಿಸಿದವನ ಪಾಪ ತನ್ನ ತಲಿ ಮ್ಯಾಲ ತೊಗೋಳ್ಲತ್ತಾರ. ಇಂಥವ್ರು ಇನ್ನ ಹುಟ್ಟಂಗಿಲ್ಲ."

ಅಂಟುವಾಳ, ಕಡಲೆ ಹುಳಿ, ವಿಭೂತಿ, ಎಲ್ಲ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು, ವಯಸ್ಸಾದವರ ಮಾತು ಕೇಳುವಂತೆ. ಚಹಾ ತರಿಸಿದರು. ಒಬ್ಬ ಹುಡುಗನನ್ನು ಕರೆದು, ಅಜ್ಜಾರನ್ನು ಬಸ್ಸಿಗೆ ಹತ್ತಿಸಿ ಬಾ ಎಂದರು.

ಔರಾದಕ್ಕೆ ಮತ್ತೆ ಹೋಗಿ ಕುರುಬನಿಗೆ ಇದನ್ನು ಹೇಳಿದೆ. ಈ ಸಲ ಅವನು ನಕ್ಕ. ನಗುವಾಗ ಕೆಮ್ಮು ಬಂತು.

"ನಾ ಖರೆ ಹೇಳ್ದಾಗ ನಂಬ್ಲಿಲ್ಲ. ನೀವು ಖರೆ ಹೇಳ್ದಾಗ್ನೂ ನಂಬ್ಲಿಲ್ಲ. ನೀವು ಸುಳ್ಳ ಹೇಳ್ದಾಗಷ್ಟೇ ನಂಬ್ಯಾರ. ನಾ ಏನ್ ಮಾಡ್ಲಿರೀ ಇದಕ್ಕ?"

"ನಾ ಏನ್ ಮಾಡ್ಲಿ, ಅದನ್ನ ಹೇಳು."

"ಮತ್ತ ಹೋಗ್ರಿ" ಎಂದು ಎಮ್ಮೆಗಳನ್ನು ಎಬ್ಬಿಸಿದ. "ನಾ ಎಷ್ಟ ತಾರೀಖಿಗಿ ಬಂದಿಲ್ಲ?"

ಹೋದೆ. ಗುಂಜೋಟಿಯಲ್ಲಿ ಬಸ್ಸಿನಿಂದ ಇಳಿಯುವುದನ್ನು ದೂರದಿಂದಲೇ ಕಂಡು ಚಾವಡಿಯಲ್ಲಿ ಯಾರೋ ಕೂಗಿದರು: "ಸಾವಕಾರ್ರು ಬಂದ್ರು, ಕಟ್ಟಿ ಮ್ಯಾಲ ಜಾಗಾ ಬಿಡ್ರೋ, ಚಾ ಹೇಳ್ರಿ!" ಜನ ಸರಿದು ಜಾಗ ಮಾಡಿದರು. ನಾನು ಕೂರಲಿಲ್ಲ. ಚಹಾ ಬೇಡ ಎಂದೆ. ನಿಂತುಕೊಂಡೇ ಮೊದಲಿನಿಂದ ಹೇಳತೊಡಗಿದೆ.